ಖಾಲಿ ಚೀಲದ ತೂಕ

ಮಗಳ ನೀಲಿ ಫ್ರಾಕು ಇನ್ನೂ ಸರಿಯಾಗಿ ಕೂರುತ್ತಿತ್ತು. ಬೇರೆ ತಾಯಿಗೆ ಅದೊಂದು ಸಮಾಧಾನದ ಸಂಗತಿಯಾಗುತ್ತಿತ್ತೇನೋ, ಈ ಹೊಲಿಗೆಯವಳಿಗೆ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಮಗುವಿಗೆ ಹತ್ತು ತಿಂಗಳು ತುಂಬಿದಾಗ ತಾನೇ ಅಳೆದು, ಕತ್ತರಿಸಿ, ಹೊಲಿದ ಫ್ರಾಕು ಅದು. ಮಕ್ಕಳ ಬಟ್ಟೆ ಹೊಲಿಯುವವರು ಬೆಳವಣಿಗೆಗೆಂದು ಒಳಗೆ ಬಟ್ಟೆ ಬಿಡುತ್ತಾರೆ. ಅವಳೂ ಎರಡು ಪಕ್ಕಕ್ಕೂ ಎರಡೆರಡು ಬೆರಳು ಬಟ್ಟೆ ಮಡಿಸಿ, ಬೇಕೆಂದಾಗ ಬಿಚ್ಚಲು ಬರುವಂತೆ ಕಚ್ಚಾ ಹೊಲಿಗೆ ಹಾಕಿದ್ದಳು. ಈಗ ಮಗುವಿಗೆ ವರ್ಷ ತುಂಬಿತ್ತು. ಕಚ್ಚಾ ಹೊಲಿಗೆ ಹಾಕಿದ ಹಾಗೇ ಇತ್ತು.

ಕಾರ್ಡು ಬೇರೆಯೇ ಕತೆ ಹೇಳುತ್ತಿತ್ತು. ತಿಂಗಳಿಗೊಮ್ಮೆ ಮಕ್ಕಳ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ತೂಗಿ ಚುಕ್ಕೆ ಇಡುವ ಆ ಕಾರ್ಡಿನಲ್ಲಿ ಕೆಂಪು, ಹಳದಿ, ಹಸಿರು ಎಂದು ಮೂರು ಪಟ್ಟಿಗಳು. ಹತ್ತನೆಯ ತಿಂಗಳಲ್ಲಿ ಆರು ಕೆ.ಜಿ. ಆರುನೂರು ಗ್ರಾಂ, ಹಳದಿ. ಹನ್ನೊಂದರಲ್ಲಿ ಏಳು ಕೆ.ಜಿ. ನೂರು ಗ್ರಾಂ, ಹಸಿರು. ಹನ್ನೆರಡರಲ್ಲೂ ಅಷ್ಟೇ. ಒಂದೇ ತಿಂಗಳಲ್ಲಿ ಮೈಗೆ ಬಂದ ಅರ್ಧ ಕೆ.ಜಿ.ಯನ್ನು ಈ ಮಗು ಎಲ್ಲಿ ಬಚ್ಚಿಟ್ಟುಕೊಂಡಿದೆ ಎಂದು ಅವಳು ದಿನಾ ಹುಡುಕುತ್ತಿದ್ದಳು. ಸ್ನಾನ ಮಾಡಿಸುವಾಗ ತೋಳು ಹಿಡಿದು ನೋಡುತ್ತಿದ್ದಳು, ತೊಡೆ ಹಿಡಿದು ನೋಡುತ್ತಿದ್ದಳು. ಪಕ್ಕೆಲುಬು ಎಣಿಸಲು ಬರುತ್ತಿತ್ತು.

ಹಸಿರಿಗೆ ಬಂದ ಮಕ್ಕಳಿಗೆ ಪೌಷ್ಟಿಕ ಪುಡಿಯ ಪೊಟ್ಟಣ ಕೊಡುವುದಿಲ್ಲ. ಅದು ನಿಯಮ. ಆದ್ದರಿಂದ ಪುಡಿ ನಿಂತು ತಿಂಗಳ ಮೇಲಾಗಿತ್ತು.

“ಮಗು ಸಣ್ಣಗಿದ್ರೂ ಅಳ್ತೀಯ, ದಪ್ಪಗಾದ್ರೂ ಅಳ್ತೀಯ,” ಎಂದಳು ಅತ್ತೆ. “ನಿನಗೆ ಎಂಥ ಮಗು ಬೇಕಿತ್ತು ಹೇಳಿಬಿಡು. ಅಂಗಡೀಲಿ ಸಿಗುತ್ತಾ ವಿಚಾರಿಸೋಣ.”

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ‘ಗಾಬರಿ’ ಎಂದು. ಹೆಸರು ಸುಮ್ಮನೆ ಬಂದದ್ದಲ್ಲ. ಮಗು ಹುಟ್ಟಿದ ಮೊದಲ ತಿಂಗಳು ಅದರ ಉಸಿರನ್ನು ಎಣಿಸುತ್ತ ಕೂತವಳು ಅವಳು. ಬಿಕ್ಕಳಿಕೆ ಬಂತೆಂದು ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಗೆ ಓಡಿದಾಗ ಕಾಂಪೌಂಡರು, “ಬಿಕ್ಕಳಿಕೆಗೆಲ್ಲ ಚೀಟಿ ಬರೆಯೋಕೆ ಬರಲ್ಲಮ್ಮ, ನೀರು ಕುಡಿದು ನೀವೇ ಸ್ವಲ್ಪ ಕೂತ್ಕೊಳ್ಳಿ,” ಎಂದಿದ್ದ. ಮಾತು ಅವಳಿಗಿಂತ ಮೊದಲು ಬೀದಿ ಮುಟ್ಟಿತ್ತು. ಹೀಗಾಗಿ ಈಗ ಫ್ರಾಕಿನ ವಿಷಯ ಎತ್ತಿದರೆ ಕೇಳುವವರು ಮುಖ ನೋಡಿ ನಗುತ್ತಿದ್ದರು. ನಿಜವಾದ ಚಿಂತೆ ಬಂದ ದಿನಕ್ಕೆ ಅವಳ ಬಳಿ ಚಿಲ್ಲರೆಯೂ ಉಳಿದಿರಲಿಲ್ಲ. ಎಲ್ಲ ನಂಬಿಕೆಯನ್ನೂ ಬಿಕ್ಕಳಿಕೆಗೇ ಖರ್ಚು ಮಾಡಿ ಮುಗಿಸಿದ್ದಳು.

ಅವಳು ಬೆಳೆದದ್ದು ದೊಡ್ಡ ಪಟ್ಟಣದಲ್ಲಿ, ಮೆಟ್ಟಿಲ ಕೆಳಗಿನ ಒಂದು ಹೊಲಿಗೆ ಅಂಗಡಿಯ ಹಿಂಭಾಗದಲ್ಲಿ. ಅಪ್ಪ ಪ್ಯಾಂಟು ಹೊಲಿಯುವುದರಲ್ಲಿ ಎತ್ತಿದ ಕೈ. ಮಗಳನ್ನು ಪಿಯುಸಿವರೆಗೆ ಓದಿಸಿದ, ಸಂಜೆ ಹೊತ್ತು ಮಿಷನ್ನಿಗೂ ಕೂರಿಸಿದ. “ಗಿರಾಕಿ ಹೇಳೋ ಅಳತೆ ಬರ್ಕೋಬೇಡ. ಟೇಪು ಹೇಳೋದನ್ನ ಬರ್ಕೋ. ಟೇಪಿನ ಮೇಲೇ ಅನುಮಾನ ಬಂದ್ರೆ ಇನ್ನೊಂದು ಟೇಪು ತಗೋ,” ಎನ್ನುತ್ತಿದ್ದ. ಒಮ್ಮೆ ಹಾಗೆ ಅನುಮಾನ ಬರದೇ ಹೋಗಿತ್ತು. ವರ್ಷಗಟ್ಟಲೆ ಎಳೆದೆಳೆದು ಹಳೆಯ ಟೇಪು ಅರ್ಧ ಇಂಚು ಹಿಗ್ಗಿದ್ದು ತಿಳಿಯುವಷ್ಟರಲ್ಲಿ ಒಂದೇ ಮನೆಯ ಒಂಬತ್ತು ಜನರ ಪ್ಯಾಂಟುಗಳು ಬಿಗಿಯಾಗಿದ್ದವು. ಅಪ್ಪ ತಪ್ಪನ್ನು ಯಾರ ಮೇಲೂ ಹಾಕಲಿಲ್ಲ. ಒಂಬತ್ತನ್ನೂ ಹೊಸ ಬಟ್ಟೆಯಲ್ಲಿ ಮತ್ತೆ ಹೊಲಿದುಕೊಟ್ಟ, ಹಳೆಯ ಟೇಪನ್ನು ಮಗಳ ಕಣ್ಣೆದುರೇ ಕತ್ತರಿಸಿ ಎಸೆದ.

ಮದುವೆಯಾಗಿ ಬಂದದ್ದು ಬಸ್ಸು ತಿರುಗಿಕೊಳ್ಳುವ ಕೊನೆಯ ನಿಲ್ದಾಣದಾಚೆಯ ಈ ಬಡಾವಣೆಗೆ. ಗಂಡನದು ವೆಲ್ಡಿಂಗ್ ಅಂಗಡಿ. ತಗಡಿನ ಚಾವಣಿಯ ಎರಡು ಕೋಣೆಯ ಮನೆ, ನಲ್ಲಿಗೆ ಬೀದಿ ತುದಿಯವರೆಗೆ ನಡೆಯಬೇಕು. ಅವಳು ಬಂದ ವರ್ಷವೇ ದೂರದ ದೇಶದ ಒಂದು ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ಮಕ್ಕಳ ಆರೋಗ್ಯ, ತಾಯಂದಿರ ದುಡಿಮೆ ಎರಡೂ ಒಟ್ಟಿಗೆ ಎನ್ನುವುದು ಅವರ ಮಾತು. ಒಂದು ಕಡೆ ತೂಕ ಮಾಡುವ ಕೇಂದ್ರ ತೆರೆದರು. ಇನ್ನೊಂದು ಕಡೆ, ಹಳೆಯ ಗೋದಾಮಿನಲ್ಲಿ, ಎಂಟು ಹೊಲಿಗೆ ಮಿಷನ್ ಇಳಿಸಿದರು. ಸುಳ್ಳು ಹೇಳಬಾರದು, ಆ ಮಿಷನ್ನುಗಳಿಂದ ಅವಳದೂ ಸೇರಿ ಎಂಟು ಮನೆಯ ಒಲೆ ಎರಡು ಹೊತ್ತೂ ಉರಿಯುತ್ತಿತ್ತು. ಅವಳ ಮಗು ಹುಟ್ಟುವಾಗಲೇ ಸಣ್ಣದು. ಅದು ಬದುಕಿದ್ದು ಆ ಪುಡಿಯಿಂದ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಈಗಿನ ಸಿಟ್ಟಿಗೆ ಇಷ್ಟು ಕಹಿ ಬಂದದ್ದೂ ಅದಕ್ಕೇ. ಕೊಟ್ಟ ಕೈಯೇ ಕಿತ್ತುಕೊಂಡಾಗ ಯಾರ ಹತ್ತಿರ ಹೋಗಿ ಜಗಳವಾಡುವುದು?

ಸಂಸ್ಥೆಯ ಪರವಾಗಿ ಹನ್ನೆರಡು ಕೇಂದ್ರಗಳನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕನಿಗೆ ಹೆಂಗಸರು ‘ಫೋಟೋ ಸಾಹೇಬ’ ಎಂದು ಹೆಸರಿಟ್ಟಿದ್ದರು. ಮಗು ಅತ್ತರೂ ಫೋಟೋ, ನಕ್ಕರೂ ಫೋಟೋ. ಮಕ್ಕಳನ್ನು ತೂಗುವ ತೆಳು ಬಟ್ಟೆಯ ಹಳೆಯ ಚೀಲ ಅವನ ಕಣ್ಣಿಗೆ ಬಿದ್ದದ್ದೂ ಫೋಟೋದಲ್ಲೇ. “ಏನಿದು, ಮಗು ಚಿಂದಿಯಲ್ಲಿ ನೇತಾಡೋ ಹಾಗೆ ಕಾಣುತ್ತೆ. ಗಟ್ಟಿಯಾಗಿ, ಚೆಂದವಾಗಿ ಹೊಸದು ಮಾಡಿ. ನಮ್ಮ ಹೊಲಿಗೆಯವರೇ ಮಾಡಿದ್ದು ಅಂದ್ರೆ ಅಲ್ಲಿಯವರಿಗೂ ಖುಷಿ,” ಎಂದ.

ಹಾಗೆ ಹೊಸ ಚೀಲ ಹುಟ್ಟಿತು. ಕತ್ತರಿಸುವ ನಮೂನೆ ಮಾಡಿದವಳು ಅವಳೇ. ದಪ್ಪ ಕ್ಯಾನ್ವಾಸು, ಒಳಗೆ ಮೂತ್ರ ಇಳಿಯದಂತೆ ರೆಕ್ಸಿನ್ನು, ಅಗಲ ಪಟ್ಟಿಗಳು, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಬಳೆ. ಬಳೆ ಮಾಡಿಕೊಟ್ಟವನು ಅವಳ ಗಂಡ. ಮುಂಭಾಗದಲ್ಲಿ ಸಂಸ್ಥೆಯ ಗುರುತಿನ ಪಟ್ಟಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ನಿಮ್ಮ ಮಾತು ನಮಗೆ ಮುಖ್ಯ’ ಎಂದು ಒಂದು ಫೋನ್ ನಂಬರು. ಮೊದಲ ಕಂತು ಹನ್ನೆರಡೂ ಕೇಂದ್ರಗಳಿಗೆ ಹೋಯಿತು. ಎಷ್ಟು ಮೆಚ್ಚುಗೆಯಾಯಿತೆಂದರೆ ಬೇರೆ ಬೇರೆ ಕಡೆಗೆ ಕಳಿಸಲು ಇನ್ನೂ ಆರುನೂರು ಚೀಲಕ್ಕೆ ಹೇಳಿಕಳಿಸಿದರು. ಎಂಟು ಮಿಷನ್ನಿಗೆ ತಿಂಗಳುಗಟ್ಟಲೆ ಕೆಲಸ.

ಆ ಆರುನೂರರ ಮಾದರಿಯನ್ನು ತೋರಿಸಲೆಂದು ಅವಳು ಒಂದು ಬೆಳಿಗ್ಗೆ ಕೇಂದ್ರಕ್ಕೆ ಹೋದಳು. ತೂಕದ ದಿನವಲ್ಲ. ಕೋಣೆಯಲ್ಲಿ ಇದ್ದವಳು ಮಕ್ಕಳನ್ನು ತೂಗುವ ಹೆಂಗಸು ಒಬ್ಬಳೇ, ಎಲ್ಲರ ಬಾಯಲ್ಲಿ ‘ತೂಕದಕ್ಕ’. ನೆಲ ಒರೆಸುತ್ತಿದ್ದಳು. ಪಟ್ಟಿಗಳು ಗಟ್ಟಿಯಾಗಿವೆಯೇ ಎಂದು ಪರೀಕ್ಷಿಸಲು ಹೊಲಿಗೆಯವಳು ಚೀಲವನ್ನು ತೂಕದ ಯಂತ್ರದ ಕೊಕ್ಕೆಗೆ ನೇತುಹಾಕಿ, ಕೆಳಗೆ ಜಗ್ಗಿ, ಕೈ ಬಿಟ್ಟಳು. ಗಡಿಯಾರದಂಥ ದುಂಡು ಮುಖದ ಮೇಲೆ ಮುಳ್ಳು ಅತ್ತಿತ್ತ ಆಡಿ ನಿಂತಿತು.

ಸೊನ್ನೆಯ ಮೇಲಲ್ಲ. ಐನೂರು ಗ್ರಾಮಿನ ಮೇಲೆ.

ಚೀಲದಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ಒಳಗೆ ಕೈಹಾಕಿ ನೋಡಿದಳು.

“ಅಕ್ಕ, ಸ್ವಲ್ಪ ಬನ್ನಿ ಇಲ್ಲಿ. ಈ ಚೀಲದಲ್ಲಿ ಮಗು ಇಲ್ಲ.”

“ಇಲ್ಲ ಅಂತ ನನಗೂ ಕಾಣುತ್ತೆ. ಕಣ್ಣು ಇನ್ನೂ ಹೋಗಿಲ್ಲ.”

“ಮುಳ್ಳು ಎಲ್ಲಿದೆ ನೋಡಿ.”

ತೂಕದಕ್ಕ ಒರೆಸುವ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ನೋಡಿದಳು. ಚೀಲವನ್ನು ಬಿಚ್ಚಿ ಮತ್ತೆ ಹಾಕಿದಳು. ಕೇಂದ್ರದ ಇನ್ನೆರಡು ಹೊಸ ಚೀಲಗಳನ್ನೂ ತಂದು ಹಾಕಿದಳು. ಮೂರೂ ಅಷ್ಟೇ. ಬಟ್ಟೆಯಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

ಯಂತ್ರದ ನೆತ್ತಿಯ ಮೇಲೆ ಒಂದು ತಿರುಪು ಇತ್ತು. ಖಾಲಿ ಚೀಲ ಹಾಕಿ, ಅದನ್ನು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತರಬೇಕು. ಹಳೆಯ ತೆಳು ಚೀಲವಿದ್ದಾಗ ಫೋಟೋ ಸಾಹೇಬ ಮುಳ್ಳನ್ನು ಸೊನ್ನೆಗೆ ತಂದು, ಯಾರೂ ಮುಟ್ಟಬಾರದೆಂದು ತಿರುಪಿನ ಮೇಲೆ ಚೀಟಿ ಅಂಟಿಸಿ ಸಹಿ ಹಾಕಿದ್ದ. ಸಹಿ ಹಾಗೇ ಇತ್ತು, ಚೀಲ ಮಾತ್ರ ಬದಲಾಗಿತ್ತು. ಇನ್ನು ಖಾಲಿ ಚೀಲ ಆ ಕೊಕ್ಕೆಗೆ ಬರುತ್ತಲೇ ಇರಲಿಲ್ಲ. ಸಾಲು ಬೇಗ ಸಾಗಲೆಂದು ಇಲ್ಲಿ ಮಾಡಿಕೊಂಡ ಪದ್ಧತಿಯೇ ಹಾಗೆ. ತಾಯಂದಿರು ಸಾಲಿನಲ್ಲಿ ನಿಂತಾಗಲೇ ಮಗುವಿನ ಕಾಲನ್ನು ಚೀಲದ ಎರಡು ತೂತುಗಳಲ್ಲಿ ತೂರಿಸಿ ಚಡ್ಡಿಯ ಹಾಗೆ ತೊಡಿಸಿಬಿಡುತ್ತಿದ್ದರು. ಬಂದದ್ದೇ ನೇತುಹಾಕು, ಓದು, ಇಳಿಸು. ಎರಡು ತಿಂಗಳು ಪ್ರತಿ ಮಗುವಿನ ಜೊತೆ ಕ್ಯಾನ್ವಾಸು, ರೆಕ್ಸಿನ್ನು, ನಾಲ್ಕು ಬಳೆ ಎಲ್ಲವೂ ತೂಗಿಸಿಕೊಂಡು ಮಗುವಿನ ಕಾರ್ಡಿನಲ್ಲಿ ಹೋಗಿ ಕೂತಿದ್ದವು.

“ಇಷ್ಟು ದಿನ ನಿಮ್ಮ ಕಣ್ಣಿಗೆ ಬೀಳಲಿಲ್ವಾ ಅಕ್ಕ?”

“ಹೊಲಿದವಳು ನೀನು. ನಿನ್ನ ಕೈಗೆ ಭಾರ ಗೊತ್ತಾಗಲಿಲ್ವಾ?”

ಕಪಾಳಕ್ಕೆ ಹೊಡೆದ ಹಾಗಾಯಿತು. ಗೊತ್ತಾಗಿತ್ತು. ಹೊಲಿಯುವಾಗ ಭಾರ ಗೊತ್ತಾಗಿತ್ತು, ಅದನ್ನು ಗಟ್ಟಿತನ ಎಂದುಕೊಂಡಿದ್ದಳು.

“ತಿರುಪು ತಿರುಗಿಸಿಬಿಡಿ ಅಕ್ಕ. ಎಲ್ಲ ಮಕ್ಕಳನ್ನೂ ಕರೆಸಿ ಮತ್ತೆ ತೂಗೋಣ. ಎಂಟು ಮಕ್ಕಳಿಗೆ ಪುಡಿ ನಿಂತಿದೆ.”

“ಆ ಚೀಟಿ ನಾನು ಹರಿದ್ರೆ ನಾಳೆ ನನ್ನ ಕೆಲಸದ ಚೀಟಿ ಅವರು ಹರೀತಾರೆ,” ಎಂದಳು ತೂಕದಕ್ಕ. ಆಮೇಲೆ ಮುಖ ಬೇರೆ ಕಡೆ ಮಾಡಿ, “ಸಾಹೇಬ್ರು ನಾಡಿದ್ದು ಬರ್ತಾರೆ. ನೀನು ಓದಿದವಳು, ನೀನೇ ಮಾತಾಡು,” ಎಂದಳು.

ನಾಡಿದ್ದರವರೆಗೆ ಕಾಯಲು ಅವಳಿಂದ ಆಗಲಿಲ್ಲ. ಟೇಪಿನ ಮೇಲೆ ಅನುಮಾನ ಬಂದರೆ ಇನ್ನೊಂದು ಟೇಪು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನೇರ ದಿನಸಿ ಅಂಗಡಿಗೆ ಹೋದಳು.

“ಏನಮ್ಮ ಗಾಬರಿ, ಮಾರೋಕೆ ತಂದ್ಯಾ?” ಎಂದ ಅಂಗಡಿಯವನು.

“ತೂಕ ಹಾಕಿ ಅಣ್ಣ.”

ಅವಳ ಮುಖ ನೋಡಿ ಅವನು ತಟ್ಟೆಯ ಮೇಲಿನ ಅಕ್ಕಿ ಧೂಳನ್ನು ಒರೆಸಿ, ಗೋಣಿ ಹಾಸಿದ. ಗೋಣಿಯ ತೂಕ ಬಂದಾಗ ಗುಂಡಿ ಒತ್ತಿ ಸೊನ್ನೆ ಮಾಡಿದ. ದಿನಸಿ ಅಂಗಡಿಯವನಿಗೆ ಗೊತ್ತಿತ್ತು, ಗೋಣಿ ಬೇರೆ ಅಕ್ಕಿ ಬೇರೆ ಎಂದು. ಮಗು ಮೂಟೆಗಳ ನಡುವೆ ಕೂತು ತಕ್ಕಡಿಯ ಕೆಂಪು ಅಂಕಿಗಳನ್ನು ಹಿಡಿಯಲು ಕೈ ಚಾಚಿತು.

“ಆರು ಆರುನೂರು,” ಎಂದು ಓದಿದ ಅಂಗಡಿಯವನು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ. ನಮ್ಮ ತಕ್ಕಡಿ ಒಂಚೂರು ಹೆಚ್ಚು ತೋರಿಸಿದ್ರೂ ತೋರಿಸಬಹುದು. ಕಮ್ಮಿ ಅಂತೂ ತೋರಿಸಲ್ಲ.”

ಎರಡು ತಿಂಗಳಿಂದ ಮಗು ಒಂದು ಗ್ರಾಂ ಹೆಚ್ಚಿರಲಿಲ್ಲ. ಫ್ರಾಕು ಸರಿಯಾಗಿಯೇ ಹೇಳಿತ್ತು.

ನಾಡಿದ್ದು ಬಂದ ಫೋಟೋ ಸಾಹೇಬ ಅವಳ ಮಾತನ್ನು ಅರ್ಧ ಕೇಳುವಷ್ಟರಲ್ಲೇ ಕುರ್ಚಿ ಎಳೆದು ಕೂತ. ಒರಟನಲ್ಲ, ಒರಟನಾಗಿದ್ದರೆ ಎಷ್ಟೋ ಸುಲಭವಿತ್ತು. ಚಹಾ ತರಿಸಿದ. ಖಾಲಿ ಚೀಲ ನೇತುಹಾಕಿ ಮುಳ್ಳನ್ನು ತಾನೂ ನೋಡಿದ. ನೋಡಿ, ಕನ್ನಡಕ ತೆಗೆದು ಒರೆಸಿಕೊಂಡ.

“ವರದಿ ಹೋಗಿಯಾಯ್ತಲ್ಲಮ್ಮ.”

“ಇನ್ನೊಂದು ವರದಿ ಕಳಿಸಿ ಸರ್. ತಪ್ಪಾಗಿದೆ ಅಂತ.”

“ಅಷ್ಟು ಸುಲಭ ಅಲ್ಲ. ಹನ್ನೆರಡು ಕೇಂದ್ರ. ಮಕ್ಕಳೆಲ್ಲ ಹಸಿರಿಗೆ ಬಂದಿದ್ದಾರೆ ಅಂತ ಅಲ್ಲಿ ಖುಷಿಯೋ ಖುಷಿ. ಮುಂದಿನ ವಾರ ನೋಡೋಕೇ ಬರ್ತಿದ್ದಾರೆ. ಈಗ ತಿರುಪು ತಿರುಗಿಸಿದ್ರೆ ಎಲ್ಲ ಮಕ್ಕಳೂ ಒಂದೇ ದಿನ ದಬ್ಬನೆ ಕೆಳಗೆ ಬೀಳ್ತಾರೆ.”

“ಮಕ್ಕಳು ಬೀಳಲ್ಲ ಸರ್. ಬಿದ್ದೇ ಇದ್ದಾರೆ. ಬೀಳೋದು ನಿಮ್ಮ ಚುಕ್ಕೆ.”

“ನೋಡಿ, ಅರ್ಧ ಕೆ.ಜಿ. ಅಂದ್ರೆ ಏನು ಮಹಾ? ಒಂದು ಎಲೆಕೋಸಿನಷ್ಟಿಲ್ಲ.”

ಅವಳು ಅವನ ಅಂಗಿಯ ಗುಂಡಿಗಳ ನಡುವೆ ಬಿಗಿದುಕೊಂಡಿದ್ದ ಹೊಟ್ಟೆಯನ್ನು ನೋಡಿದಳು. ಹೊಲಿಗೆಯವಳ ಕಣ್ಣು, ಬೇಡವೆಂದರೂ ಅಳೆಯುತ್ತದೆ. “ನಿಮಗೆ ಎಲೆಕೋಸು ಸರ್,” ಎಂದಳು. “ಇವಳಿಗೆ ಹದಿಮೂರರಲ್ಲಿ ಒಂದು ಪಾಲು. ನಿಮ್ಮ ಮೈಯಿಂದ ಹದಿಮೂರರಲ್ಲಿ ಒಂದು ಪಾಲು ಕಿತ್ತು, ಏನೂ ಆಗಿಲ್ಲ ಹಸಿರಾಗಿದ್ದೀರಿ ಅಂತ ಬರೆದ್ರೆ ಒಪ್ಪುತ್ತೀರಾ?”

ತೂಕದಕ್ಕ ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಅದು ಕೆಮ್ಮಲ್ಲ.

ಸಾಹೇಬನ ದನಿ ಇನ್ನಷ್ಟು ಮೆತ್ತಗಾಯಿತು. “ನಿಮಗೆ ಸ್ವಲ್ಪ ಗಾಬರಿ ಜಾಸ್ತಿ ಅಂತ ಕೇಳಿದ್ದೆ. ಇರಲಿ, ತಾಯಿ ಕರುಳು. ಆದ್ರೆ ಯೋಚನೆ ಮಾಡಿ. ಚೀಲದಲ್ಲಿ ದೋಷ ಇದೆ ಅಂತಾದ್ರೆ ಯಾರ ತಪ್ಪು ಅಂತ ಕೇಳ್ತಾರೆ. ಹೊಲಿದವರದು ಅಂತಾಗುತ್ತೆ. ಆರುನೂರು ಚೀಲದ ಕೆಲಸ ಬೇರೆ ಕಡೆ ಹೋಗುತ್ತೆ. ಎಂಟು ಮನೆ. ನಾನು ಹೇಳಬೇಕಾದ್ದಿಲ್ಲ, ನೀವು ಓದಿದವರು. ಮುಂದಿನ ವರ್ಷ ಹೊಸ ಯಂತ್ರ ಬಂದಾಗ ಎಲ್ಲ ತಾನಾಗೇ ಸರಿಹೋಗುತ್ತೆ.”

ಮುಂದಿನ ವರ್ಷ. ಮಗು ಅವಳ ಸೊಂಟದ ಮೇಲೆ ಕೂತು ಸಾಹೇಬನ ಪೆನ್ನಿಗೆ ಕೈ ಚಾಚುತ್ತಿತ್ತು. ಅವನು ನಗುತ್ತ ಪೆನ್ನು ಕೊಟ್ಟ. ಅದೊಂದು ಕೊಟ್ಟ.

ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತ ಎಲ್ಲವನ್ನೂ ಹೇಳಿದಳು. ಗಂಡ ಕೆಲಸದ ಅಂಗಿಯಲ್ಲೇ ಕೂತು ಕೇಳಿದ. ಬಾಗಿಲ ಪಕ್ಕದಲ್ಲಿ ಕಬ್ಬಿಣದ ಕಂಬಿಯ ಸುರುಳಿಗಳು ಬಿದ್ದಿದ್ದವು. ಆರುನೂರು ಚೀಲಕ್ಕೆ ಎರಡು ಸಾವಿರದ ನಾಲ್ಕುನೂರು ಬಳೆ.

“ಕಂಬಿ ತಂದಾಗಿದೆಯಲ್ಲೇ,” ಎಂದ. ಅಷ್ಟೇ. ಆಮೇಲೆ ಎದ್ದುಹೋಗಿ, ಮಾಡಿಟ್ಟಿದ್ದ ನಾಲ್ಕು ಬಳೆಗಳನ್ನು ಅಂಗೈಯಲ್ಲಿಟ್ಟುಕೊಂಡು ಕೈಯನ್ನು ಮೇಲೆ ಕೆಳಗೆ ಆಡಿಸಿದ. “ಇಷ್ಟು ದಪ್ಪ ಬೇಕಿರಲಿಲ್ಲ,” ಎಂದು ತನಗೇ ಹೇಳಿಕೊಂಡ.

“ಮೂಗಿಗಿಂತ ಮೂಗುತಿ ಭಾರ ಮಾಡಿ ಕೂತಿದ್ದೀರಿ ಗಂಡ ಹೆಂಡತಿ,” ಎಂದಳು ಅತ್ತೆ. ಅವಳ ತೊಡೆಯ ಮೇಲೆ ಮಗು ಪೆನ್ನು ಕಚ್ಚುತ್ತಿತ್ತು. ಸೊಸೆ ಜಗಳಕ್ಕೆ ಸಿದ್ಧಳಾಗಿ ತಿರುಗಿದಳು. ಆದರೆ ಅತ್ತೆ ಮಗುವಿನ ಬೆನ್ನು ಸವರುತ್ತಿದ್ದಳು, ಬೆರಳು ಮೂಳೆಯಿಂದ ಮೂಳೆಗೆ ಇಳಿಯುತ್ತಿತ್ತು. “ದಿನಾ ಎತ್ಕೊಂಡು ಬೀದಿ ತುದಿವರೆಗೆ ಹೋಗ್ತೀನಿ. ಎರಡು ತಿಂಗಳಿಂದ ಈ ಕೂಸು ಭಾರವೇ ಆಗಿಲ್ಲ. ನಾನೆಂಥ ಪೆದ್ದಿ, ನನ್ನ ಸೊಂಟ ಗಟ್ಟಿಯಾಯ್ತು ಅಂದ್ಕೊಂಡೆ.”

ಸೊಸೆ ಕೈಯಲ್ಲಿದ್ದ ಪಾತ್ರೆಯನ್ನು ಸದ್ದಾಗದಂತೆ ಕೆಳಗಿಟ್ಟಳು.

ಮರುದಿನ ಗೋದಾಮಿನಲ್ಲಿ ಎಂಟೂ ಮಿಷನ್ನು ಓಡುತ್ತಿದ್ದವು. ವಿಷಯ ಎಲ್ಲರಿಗೂ ಗೊತ್ತಾಗಿತ್ತು, ಯಾರೂ ಎತ್ತಲಿಲ್ಲ. ಕೊನೆಗೆ ಎಲ್ಲರಿಗಿಂತ ಹಿರಿಯ ಹೊಲಿಗೆಯವಳು, ಅವರೆಲ್ಲರ ದೊಡ್ಡಮ್ಮ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ ಹೇಳಿದಳು: “ಬೆಕ್ಕಿಗೆ ಗಂಟೆ ಕಟ್ಟೋಕೆ ನೀನೇ ಹೋಗಬೇಕಾ? ನಿನ್ನ ಮಗೂಗೆ ನಾವು ಏಳು ಜನ ಒಂದೊಂದು ಹಿಡಿ ಕಾಳು ಕೊಡ್ತೀವಿ. ಸುಮ್ಮನಿರು.”

“ಉಳಿದ ಏಳು ಮಕ್ಕಳಿಗೆ ಯಾರು ಕೊಡ್ತಾರೆ ದೊಡ್ಡಮ್ಮ?”

“ಊರಿನ ಮಕ್ಕಳೆಲ್ಲ ನಿನ್ನವಾ?”

ಅವಳು ಮುಂದಿನ ಚೀಲ ತೆಗೆದುಕೊಂಡಳು. ಸಿಟ್ಟಿನಲ್ಲಿ ಕಾಲು ಜೋರಾಗಿಯೇ ಓಡಿತು. ಸಾಹೇಬನ ಮೇಲೆ ಸಿಟ್ಟು, ಮಗುವಿಗೆ ಪೆನ್ನು ಕೊಟ್ಟ ಹಾಗೆ ತನಗೆ ಚಹಾ ಕುಡಿಸಿದನಲ್ಲ ಎಂದು. ಮಕ್ಕಳನ್ನು ಬಿಟ್ಟು ಚುಕ್ಕೆಗಳನ್ನು ನೋಡಿ ಖುಷಿಪಡುವ, ತಾನು ಎಂದೂ ಕಾಣದ ದೂರದವರ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಭಾರ ಗೊತ್ತಾಗಿಯೂ ಗಟ್ಟಿತನ ಅಂದುಕೊಂಡ ತನ್ನ ಕೈಗಳ ಮೇಲೆ. ಕ್ಯಾನ್ವಾಸು ಮುಗಿಯಿತು, ರೆಕ್ಸಿನ್ನು ಮುಗಿಯಿತು. ಗುರುತಿನ ಪಟ್ಟಿಯನ್ನು ಇಟ್ಟು ಸೂಜಿ ಇಳಿಸಿದಳು. ಇದು ಯಾವ ಊರಿಗೆ ಹೋಗುತ್ತದೋ. ಅಲ್ಲೊಂದು ಮಗು ಇದನ್ನು ತೊಟ್ಟು ನೇತಾಡುತ್ತದೆ, ಮುಳ್ಳು ಏರುತ್ತದೆ, ಯಾರೋ ಹಸಿರು ಚುಕ್ಕೆ ಇಟ್ಟು ಪುಡಿ ನಿಲ್ಲಿಸುತ್ತಾರೆ. ಆ ಮಗುವಿನ ತಾಯಿ ಹೊಲಿಗೆ ಕಲಿತವಳಾಗಿರಬೇಕೆಂದೇನೂ ಇಲ್ಲ. ಅವಳಿಗೆ ಫ್ರಾಕು ಹೇಳುವುದು ಕೇಳಿಸದೇ ಹೋಗಬಹುದು. ಇಂಥವು ಆರುನೂರು.

ಸೂಜಿ ಫೋನ್ ನಂಬರಿನ ಮೇಲೆ ಬಂದಾಗ ಕಾಲು ನಿಂತಿತು.

ನಂಬರು ಓದಬೇಕಾಗಿಯೇ ಇರಲಿಲ್ಲ. ಅಷ್ಟು ಚೀಲಗಳ ಮೇಲೆ ಹೊಲಿದು ಹೊಲಿದು ಬಾಯಿಪಾಠವಾಗಿತ್ತು. ಒಂದು ದಿನವೂ ಅದಕ್ಕೆ ಫೋನ್ ಮಾಡಬಹುದೆಂದು ಹೊಳೆದಿರಲಿಲ್ಲ. ಅದೂ ಗುರುತಿನಂತೆ ಒಂದು ಅಲಂಕಾರ ಎಂದುಕೊಂಡಿದ್ದಳು. ತನ್ನ ಫೋನು ತೆಗೆದು ನಂಬರು ಒತ್ತಿದಳು.

“ಏನೇ, ಯಾರಿಗೆ?” ಎಂದಳು ದೊಡ್ಡಮ್ಮ.

“ನಮ್ಮ ಮಾತು ಮುಖ್ಯ ಅಂತ ಬರೆದಿದ್ದಾರಲ್ಲ. ನೋಡೋಣ ಎಷ್ಟು ಮುಖ್ಯ ಅಂತ.”

ಫೋನ್ ಸದ್ದಾಯಿತು. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹೇಳಿತು, ಒತ್ತಿದಳು. ಸಂಗೀತ ಬಂತು. ಪಕ್ಕದ ಮಿಷನ್ನು ನಿಂತಿತು, ಅದರ ಪಕ್ಕದ್ದೂ ನಿಂತಿತು. ದೊಡ್ಡಮ್ಮನದು ಎಲ್ಲಕ್ಕಿಂತ ಕೊನೆಗೆ. ಯಾರೋ ಸಣ್ಣಗೆ, “ಇಡೇ, ಸಾಕು,” ಎಂದರು. ಅವಳು ಇಡಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

ಸಂಗೀತ ತುಂಡಾಯಿತು. ಒಬ್ಬ ಹೆಂಗಸು ಎತ್ತಿಕೊಂಡಳು.

“ನಮಸ್ಕಾರ, ಹೇಳಿ ಮೇಡಂ. ಮೇಡಂ? ಗಾಬರಿ ಮಾಡ್ಕೋಬೇಡಿ, ನಿಧಾನವಾಗಿ ಹೇಳಿ.”

“ಗಾಬರಿ ಏನಿಲ್ಲ,” ಎಂದಳು ಅವಳು. “ಸಿಟ್ಟು ಬಂದಿದೆ. ಪೆನ್ನು ತಗೊಳ್ಳಿ, ಬರ್ಕೊಳ್ಳಿ. ಮಕ್ಕಳನ್ನ ತೂಗೋ ಚೀಲದ ವಿಷಯ. ಆ ಚೀಲ ಹೊಲಿದವಳು ನಾನೇ.”